ಪೆಟ್ಟಿಗೆಯಲ್ಲಿ ಉಳಿದ ಹಗ್ಗ

ಹಗ್ಗ ವಾಪಸು ಬಂದದ್ದು ಸಿಮೆಂಟ್ ಚೀಲದಲ್ಲಿ. ಪುಟ್ಟಯ್ಯನವರ ಡ್ರೈವರ್ ಮರಿಯಣ್ಣ ಕಾರನ್ನು ಅವೆನ್ಯೂ ರಸ್ತೆಯ ಕಡೆ ಎಲ್ಲೋ ನಿಲ್ಲಿಸಿ, ಚೀಲವನ್ನು ಹೆಗಲ ಮೇಲೆ ಹೊತ್ತು, ಮಾಮೂಲ್‌ಪೇಟೆಯ ಜನದ ನಡುವೆ ದಾರಿ ಬಿಡಿಸಿಕೊಂಡು ಬಂದ. ಅಂಗಡಿಯ ಮುಂದಿದ್ದ ಟಾರ್ಪಾಲಿನ ರಾಶಿಯ ಮೇಲೆ ಅದನ್ನು ಇಳಿಸಿ ಕತ್ತು ಉಜ್ಜಿಕೊಂಡ.

"ಪೊಲೀಸ್ರು ವಾಪಸ್ ಕೊಟ್ಟ ಸಾಮಾನಲ್ಲಿತ್ತು. ಯಜಮಾನ್ರು ಕೊಟ್ಬಿಟ್ಟು ಬಾ ಅಂದ್ರು. ನಮಗ್ಯಾಕೆ ಹಗ್ಗ, ಅಂಗಡಿಯವ್ರಿಗಾದ್ರೂ ಉಪಯೋಗಕ್ಕೆ ಬರ್ಲಿ ಅಂತ."

ವಿನುತಾ ಗಲ್ಲಾದ ಹಿಂದೆ ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದಳು. ಮೊಣಕಾಲಿನ ಹೊಲಿಗೆ ಬಿಚ್ಚಿ ಎರಡು ದಿನವಾಗಿತ್ತು. ಡಾಕ್ಟರು ಬಿಚ್ಚುವಾಗ ನೋವಾಗುತ್ತದೆ ಎಂದಿದ್ದರು. ಆಗಿರಲಿಲ್ಲ.

"ಕಾರ್ಯ ಆಯ್ತಾ?" ಎಂದು ಕೇಳಿದಳು.

"ನಿನ್ನೆ ಆಯ್ತು. ಜನ ಅಂದ್ರೆ ಜನ. ಮೂರು ಪಂಕ್ತಿ ಊಟ." ಮರಿಯಣ್ಣ ಅಂಗಿಗೆ ಮೆತ್ತಿದ್ದ ಮರಳು ಕೊಡವಿಕೊಂಡ. "ನೀವು ಬರ್ಲಿಲ್ಲ ಅಂತ ಯಾರೂ ಏನೂ ಅಂದ್ಕೊಂಡಿಲ್ಲ ಬಿಡಿ ಮೇಡಂ. ಯಜಮಾನ್ರೇ ಎಲ್ಲರ್ಗೂ ಹೇಳ್ತಿದ್ರು, ಆ ಹುಡುಗೀದೇನೂ ತಪ್ಪಿಲ್ಲ, ಲಂಗರು ಹಾಕೋಕೂ ಬರದೇ ಇರೋನು ಸಮುದ್ರಕ್ಕೆ ಹೋಗಿದ್ದೇ ತಪ್ಪು ಅಂತ. ಮಗ ಅಂತ ರಿಯಾಯ್ತಿ ಕೊಡಲ್ಲ ನೋಡಿ ಅವ್ರು."

"ಟೀ ಕುಡೀತೀರಾ?"

"ಬೇಡ. ಕಾರು ಎತ್ಕೊಂಡು ಹೋಗ್ತಾರೆ."

ಅವನು ಹೋದ. ಚೀಲ ಅಲ್ಲೇ ಬಿದ್ದಿತ್ತು. ಬಾಯಿ ಕಟ್ಟಿದ್ದ ಸುತಳಿಯ ಸಂದಿನಿಂದ ಒಣಗಿದ ಮರಳು ಟಾರ್ಪಾಲಿನ ಮೇಲೆ ಉದುರಿತು.

ಲಂಗರು ಸರಿಯಾಗಿ ಕಚ್ಚಿರಲಿಲ್ಲ ಎಂಬ ಮಾತು ಮೊದಲು ಹೊರಟದ್ದು ವಿನುತಾಳ ಬಾಯಿಂದಲೇ. ಹನ್ನೆರಡು ದಿನದ ಹಿಂದೆ, ಕರಾವಳಿಯ ಒಂದು ಪೊಲೀಸ್ ಠಾಣೆಯಲ್ಲಿ, ಮೀನುಗಾರರು ಕೊಟ್ಟಿದ್ದ ಯಾರದೋ ಅಂಗಿ ಹಾಕಿಕೊಂಡು ಅವಳು ಹೇಳಿಕೆ ಕೊಟ್ಟಿದ್ದಳು. ಹಗ್ಗ ಬೇಕಾದಷ್ಟು ಬಿಟ್ಟಿದ್ದೆವು, ಆದರೂ ಲಂಗರು ಜಾರಿತು. ಯಾಕೆ ಜಾರಿತು ಎಂದು ಬರೆದುಕೊಳ್ಳುವವನು ಕೇಳಿದ. ಅವಳು ಯೋಚಿಸಿದಳು. ಬೇರೆ ಕಾರಣ ಯಾವುದೂ ಸಿಗಲಿಲ್ಲ. "ಸರಿಯಾಗಿ ಕಚ್ಚಿರಲಿಲ್ಲ ಅನ್ಸುತ್ತೆ. ಹಾಕಿದ್ದು ಶಶಿ ಸರ್" ಎಂದಳು. ಅವನು ಬರೆದುಕೊಂಡ. ಅವಳು ಸಹಿ ಮಾಡಿದಳು. ಸುಳ್ಳು ಹೇಳುತ್ತಿದ್ದೇನೆ ಎಂದು ಅವಳಿಗೆ ಅನಿಸಿರಲಿಲ್ಲ.

ಶಶಿಕುಮಾರ್ ಪುಟ್ಟಯ್ಯನವರ ಒಬ್ಬನೇ ಮಗ. ಮಲ್ಲೇಶ್ವರಂನವನು. ಅಪ್ಪನ ಸೈಟು ವ್ಯವಹಾರದಲ್ಲಿ ಹೆಸರಿಗಿದ್ದ, ಮನಸ್ಸಿರಲಿಲ್ಲ. ಮೂವತ್ತೇಳನೇ ವಯಸ್ಸಿಗೆ ಗೋವಾದಿಂದ ಇಪ್ಪತ್ತೆರಡು ಅಡಿಯ ಹಳೆಯ ಹಾಯಿದೋಣಿಯೊಂದನ್ನು ಕೊಂಡ. ಅದನ್ನು ನಡೆಸಲು ಬರುವ ಯಾರಾದರೂ ಬೆಂಗಳೂರಲ್ಲಿ ಇದ್ದಾರಾ ಎಂದು ವಿಚಾರಿಸುತ್ತಾ ಹಗ್ಗದಂಗಡಿಗೆ ಬಂದಿದ್ದ. ವಿನುತಾ ಕಾಲೇಜಿನಲ್ಲಿ ಎನ್‌ಸಿಸಿ ನೌಕಾದಳದಲ್ಲಿದ್ದವಳು. ಹಲಸೂರು ಕೆರೆಯಲ್ಲಿ ಹಾಯಿ ಹಿಡಿದು ಕಲಿತು, ಕಾರವಾರದ ಕ್ಯಾಂಪಿನಲ್ಲಿ ಎರಡು ಸಲ ಬಹುಮಾನ ತಗೊಂಡು, ಆಮೇಲೆ ಬಂದು ಅಪ್ಪನ ಅಂಗಡಿಯಲ್ಲಿ ಕೂತಿದ್ದಳು. ಎರಡು ವರ್ಷ ತಿಂಗಳಿಗೊಂದು ಶನಿವಾರ ಭಾನುವಾರ ಅವನಿಗೆ ಕಲಿಸಿದಳು. ಗಲ್ಲಿಯ ಜನ ಏನೇನೋ ಮಾತಾಡಿದರು. ಅಂಥದ್ದೇನೂ ಇರಲಿಲ್ಲ. ಅವನು ಅವಳನ್ನು ಕ್ಯಾಪ್ಟನ್ನೇ ಎನ್ನುತ್ತಿದ್ದ, ಅವಳು ಸರ್ ಎನ್ನುತ್ತಿದ್ದಳು, ಹೇಳಿದ್ದನ್ನು ಅವನು ಮಾಡುತ್ತಿದ್ದ.

ಅಪ್ಪ ಅಣ್ಣಯ್ಯಪ್ಪ ಒಳಗಿನಿಂದ ಬಂದವನು ಚೀಲವನ್ನು ಕಾಲಲ್ಲಿ ಮುಟ್ಟಿ ನೋಡಿದ.

"ಅಟ್ಟಕ್ಕೆ ಹಾಕ್ಬಿಡ್ತೀನಿ."

"ಇರ್ಲಿ ಅಪ್ಪ. ಒಂದ್ಸಲ ಬಿಡಿಸಿ ಒಣಗಿಸ್ತೀನಿ. ಉಪ್ಪು ಕೂತಿದ್ರೆ ಹಾಳಾಗುತ್ತೆ."

"ಹಾಳಾದ್ರೆ ಆಗ್ಲಿ. ಯಾರಿಗೆ ಮಾರ್ತೀವಿ ಅದನ್ನ?"

ಅಷ್ಟರಲ್ಲಿ ಮುರುಗೇಶ್ ಬಂದ. ಚಾಮರಾಜಪೇಟೆಯಲ್ಲಿ ಶಾಮಿಯಾನ ಹಾಕುವವನು, ಇಪ್ಪತ್ತು ವರ್ಷದ ಗಿರಾಕಿ.

"ಹದಿನೈದು ಮಾರು ಕೊಡಣ್ಣ. ದಪ್ಪದ್ದು. ನಾಳೆ ಬಸವನಗುಡೀಲಿ ಮದ್ವೆ, ಗಾಳಿ ಬೇರೆ ಹಿಂಗ್ ಬೀಸ್ತಾ ಇದೆ."

ಪೇಟೆಯಲ್ಲಿ ಹಗ್ಗ ಈಗ ತೂಕದ ಮೇಲೆ ಹೋಗುತ್ತದೆ. ಆದರೆ ಎಷ್ಟುದ್ದಕ್ಕೆ ಕತ್ತರಿಸಬೇಕು ಎನ್ನುವುದನ್ನು ಅಣ್ಣಯ್ಯಪ್ಪ ಇನ್ನೂ ಮಾರಿನಲ್ಲೇ ಅಳೆಯುತ್ತಾನೆ. ಎರಡೂ ಕೈ ಪೂರ್ತಿ ಚಾಚಿದರೆ ಒಂದು ಮಾರು, ಆರಡಿ. ಅವನು ಹಗ್ಗದ ತುದಿ ಹಿಡಿದು, ಮೊದಲನೆಯದಕ್ಕೆ ಒಂದು ಎನ್ನದೆ ಲಾಭ ಎನ್ನುತ್ತಾ ಕೈ ಚಾಚಿದ.

"ಲಾಭ... ಎರಡು... ಮೂರು... ನಾಲ್ಕು..."

ಎಡಗೈ ಮೊಣಕೈಯಲ್ಲೇ ನಿಂತಿತು. ಒಂಬತ್ತು ವರ್ಷದ ಹಿಂದೆ ಟೆಂಪೋದಿಂದ ಸರಕು ಇಳಿಸುವಾಗ ಬಿದ್ದು ಮುರಿದದ್ದು, ಕೂಡಿಕೊಂಡಿತು, ನೆಟ್ಟಗಾಗಲಿಲ್ಲ.

"ನಿನ್ನ ಕೈ ವರ್ಷಾ ವರ್ಷಾ ಕುಗ್ತಾ ಇದೆ ಕಣಣ್ಣ" ಎಂದ ಮುರುಗೇಶ್. "ಇನ್ನೊಂದೆರಡು ವರ್ಷ ಹೋದ್ರೆ ಮಾರು ಹೋಗಿ ಮೊಳ ಆಗುತ್ತೆ."

"ಮುಚ್ಕೊಂಡು ನಿಂತ್ಕೊಳಯ್ಯ, ಎಣಿಕೆ ತಪ್ಪುತ್ತೆ. ಹದಿನಾಲ್ಕು... ಹದಿನೈದು. ಹಾ, ಕೊಸರು. ಒಂದು... ಎರಡು... ಮೂರು... ನಾಲ್ಕು... ಐದು. ಮೂರಕ್ಕೊಂದು. ಸರಿಹೋಯ್ತಾ?"

"ನಿನ್ನ ಕೊಸರಿಗೋಸ್ಕರಾನೇ ಬರೋದು ನಾನು."

ಗಲ್ಲಿಯಲ್ಲಿ ಎಲ್ಲರಿಗೂ ಗೊತ್ತಿರುವ ಲೆಕ್ಕ ಅದು. ಅಣ್ಣಯ್ಯಪ್ಪನ ಮಾರು ಗಿಡ್ಡ, ಅದಕ್ಕೆ ಅವನು ಮೂರಕ್ಕೊಂದು ಕೊಸರು ಸೇರಿಸುತ್ತಾನೆ. ಒಟ್ಟು ಉದ್ದ ಸರಿಯಾಗಿಯೇ ಇರುತ್ತದೆ. ಯಾರೂ ಇವತ್ತಿನವರೆಗೆ ತಕರಾರು ತೆಗೆದಿಲ್ಲ.

ವಿನುತಾ ನೋಡುತ್ತಾ ಕೂತಿದ್ದಳು. ದಿನಕ್ಕೆ ಹತ್ತು ಸಲ ನೋಡುವ ಕೆಲಸ. ಮುರುಗೇಶ್ ಹಗ್ಗದ ಸುರುಳಿಯನ್ನು ಸ್ಕೂಟರಿಗೆ ಕಟ್ಟಿಕೊಂಡು ಹೋದಮೇಲೂ ಅವಳು ಅಪ್ಪನ ಮೊಣಕೈಯನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು, ಕುಂಟುತ್ತಾ ಹೋಗಿ, ಚೀಲದ ಸುತಳಿ ಕತ್ತರಿಸಿದಳು.

ಮೂರು ಎಳೆಯ ಬಿಳಿ ನೈಲಾನ್ ಹಗ್ಗ, ಹೆಬ್ಬೆರಳಿನಷ್ಟು ದಪ್ಪ. ಐದೈದು ಮಾರಿಗೊಂದು ಕೆಂಪು ಬಟ್ಟೆಯ ಗುರುತು. ಗುರುತು ಕಟ್ಟಿದ್ದು ಅವಳೇ, ಕಳೆದ ದಸರೆಯ ಹಿಂದಿನ ವಾರ, ಇದೇ ಅಂಗಡಿಯಲ್ಲಿ. ಕರಾವಳಿಯ ಮೀನುಗಾರರು ನೀರಿನ ಆಳವನ್ನು ಮಾರಿನಲ್ಲೇ ಹೇಳುತ್ತಾರೆ, ಹಾಗಾಗಿ ಗುರುತೂ ಮಾರಿನಲ್ಲಿರಲಿ ಎಂದು ಅವಳೇ ಹೇಳಿದ್ದಳು. ಅಪ್ಪ ಎಳೆಯುತ್ತಿದ್ದ, ಐದಾದಾಗ ನಿಲ್ಲುತ್ತಿದ್ದ, ಅವಳು ಬಟ್ಟೆಯ ಚೂರನ್ನು ಎಳೆಗಳ ನಡುವೆ ತೂರಿಸಿ ಗಂಟು ಹಾಕುತ್ತಿದ್ದಳು. ನಲವತ್ತು ಮಾರಿಗೆ ಎಂಟು ಗುರುತು.

ಅವಳು ಅಂಗಡಿಯ ಸ್ಟೀಲ್ ಟೇಪು ತೆಗೆದು ಒಂದನೇ ಗುರುತಿನಿಂದ ಎರಡನೆಯದಕ್ಕೆ ಹಿಡಿದಳು. ಮೂವತ್ತಡಿ ಇರಬೇಕಿತ್ತು. ಇಪ್ಪತ್ತೆರಡೂವರೆ ಇತ್ತು. ಎರಡರಿಂದ ಮೂರಕ್ಕೆ ಹಿಡಿದಳು. ಇಪ್ಪತ್ತೆರಡೂವರೆ.

"ಅಪ್ಪ, ಅವತ್ತು ಈ ಹಗ್ಗಕ್ಕೆ ಕೊಸರು ಎಲ್ಲಿ ಹಾಕ್ದೆ?"

"ಕೊಸರು ಕೊನೇಲಿ ತಾನೇ ಹಾಕೋದು. ಹದಿಮೂರು ಎಳೆದು ಮೇಲೊಂದು ಮೊಳ ಬಿಟ್ಟೆ. ಒಂದಂಗುಲ ಕಮ್ಮಿ ಇಲ್ಲ. ಬೇಕಾದ್ರೆ ಅಳೀ."

ಅವಳು ಎಂಟನೇ ಗುರುತಿನಿಂದಾಚೆ ಉಳಿದದ್ದನ್ನು ಅಳೆದಳು. ಅರವತ್ತಡಿ. ಒಟ್ಟು ಇನ್ನೂರ ನಲವತ್ತು, ನಲವತ್ತು ಮಾರು. ಅಪ್ಪ ಹೇಳಿದ್ದು ನಿಜ. ಹಗ್ಗದಲ್ಲಿ ಮೋಸವಿರಲಿಲ್ಲ. ಗುರುತುಗಳು ಮಾತ್ರ ಒಂದೊಂದೂ ಏಳೂವರೆ ಅಡಿ ಗಿಡ್ಡವಾಗಿದ್ದವು.

ಅಪ್ಪನ ಕೈ ಅವಳಿಗೆ ಗೊತ್ತಿರಲಿಲ್ಲ ಅಂತಲ್ಲ. ಹುಟ್ಟಿದ ಮನೆಯ ವಿಷಯ. ಅವತ್ತು ಹೊಳೆಯಲಿಲ್ಲ, ಅಷ್ಟೆ.

ಲಂಗರು ದೋಣಿಯನ್ನು ತನ್ನ ತೂಕದಿಂದ ಹಿಡಿಯುವುದಿಲ್ಲ. ಅದರ ಕೊಕ್ಕೆ ಕೆಸರಿಗೆ ಕಚ್ಚಿಕೊಂಡಿರಬೇಕು, ಹಗ್ಗ ಅದನ್ನು ನೆಲದುದ್ದಕ್ಕೆ ಎಳೆಯುತ್ತಿರಬೇಕು. ಹಗ್ಗ ಗಿಡ್ಡವಾದರೆ ಎಳೆತ ಮೇಲಕ್ಕಾಗುತ್ತದೆ, ಕೊಕ್ಕೆ ಕಿತ್ತು ಬರುತ್ತದೆ. ಮುರುಗೇಶನಿಗೂ ಇದು ಗೊತ್ತು. ಗೂಟವನ್ನು ಕಂಬದ ಬುಡದಲ್ಲೇ ಹೊಡೆದರೆ ಶಾಮಿಯಾನ ನಿಲ್ಲುವುದಿಲ್ಲ. ಅದಕ್ಕೇ ನೀರಿನ ಆಳದ ಏಳು ಪಟ್ಟು ಹಗ್ಗ ಬಿಡಬೇಕು, ಜೋರು ಗಾಳಿಯಲ್ಲಿ. ವಿನುತಾ ಇದನ್ನು ಶಶಿಕುಮಾರನಿಗೆ ಬಾಯಿಪಾಠ ಮಾಡಿಸಿದ್ದಳು.

ಅವತ್ತು ಮೇ ತಿಂಗಳ ಮೂರನೇ ಶನಿವಾರ. ಮಳೆಗಾಲಕ್ಕೆ ದೋಣಿಯನ್ನು ದಡಕ್ಕೆಳೆಯುವ ಮೊದಲು ಕೊನೆಯ ಸಲ ಹೋಗಿದ್ದರು. ಮಧ್ಯಾಹ್ನ ಎರಡಕ್ಕೆ ನೈಋತ್ಯದ ಗಾಳಿ ಏರಿತು. ದೊಡ್ಡ ಹಾಯಿಯನ್ನು ಎರಡು ಮಡಿಕೆ ಇಳಿಸಿ ಕಟ್ಟಿದರು, ಮುಂದಿನದನ್ನು ಸುತ್ತಿಟ್ಟರು, ಆದರೂ ದೋಣಿ ಒಂದು ಕಡೆಗೆ ಮಲಗಿಯೇ ಓಡುತ್ತಿತ್ತು. ಬಂದರಿಗೆ ವಾಪಸಾಗಲು ಗಾಳಿಗೆದುರಾಗಿ ಎರಡು ತಾಸು ಬೇಕಿತ್ತು. ಅವಳು ಬೇಡ ಎಂದಳು. ಹತ್ತಿರದಲ್ಲೇ ಒಂದು ಸಣ್ಣ ದ್ವೀಪ, ಅದರ ಮರೆಗೆ ಹೋಗಿ ಲಂಗರು ಹಾಕಿ ಕಾಯೋಣ. ಆ ನಿರ್ಧಾರ ತಪ್ಪಾಗಿರಲಿಲ್ಲ. ಈಗಲೂ ಹಾಗೇ ಮಾಡುತ್ತಿದ್ದಳು.

ಆಳ ತೋರಿಸುವ ಪರದೆ ನೋಡಿ, ಉಬ್ಬರ ಸೇರಿಸಿ, ನೀರಿನಿಂದ ದೋಣಿಯ ಮೂತಿಗಿರುವ ಎತ್ತರ ಸೇರಿಸಿ ನಾಲ್ಕು ಮಾರು ಎಂದು ಹಿಡಿದಳು. ಏಳು ಪಟ್ಟು ಇಪ್ಪತ್ತೆಂಟು. ಅವಳು ಹಿಂದೆ ಚುಕ್ಕಾಣಿಯಲ್ಲಿದ್ದಳು, ಅವನು ಮುಂದೆ ಮೂತಿಯಲ್ಲಿ. ಲಂಗರು ಬಿಟ್ಟ. ಅವಳು ಎಂಜಿನ್ ಹಿಂದಕ್ಕೆ ಕೊಟ್ಟಳು. ಹಗ್ಗ ಬಿಗಿಯಾಯಿತು, ಕಂಪಿಸಿತು, ನಿಂತಿತು. ಅವನು ಹಗ್ಗದ ಮೇಲೆ ಅಂಗೈ ಇಟ್ಟು ನೋಡಿದ, ಅವಳು ಕಲಿಸಿದ್ದ ಹಾಗೆಯೇ.

"ಕಚ್ತಾ?"

"ಕಚ್ತು ಕ್ಯಾಪ್ಟನ್ನೇ. ಬಂಡೆ ಥರ."

"ಆರು ಗುರುತು ಬಿಟ್ಟು ಕಟ್ಬಿಡಿ."

ಆರು ಗುರುತು, ಮೂವತ್ತು ಮಾರು. ಬೇಕಾದದ್ದಕ್ಕಿಂತ ಎರಡು ಜಾಸ್ತಿಯೇ. ಬಿಸ್ಕತ್ತು ತಿಂದರು. ಅವನು ಅಪ್ಪನ ಬಗ್ಗೆ ತಮಾಷೆ ಮಾಡಿದ. ಅಪ್ಪ ಇಲ್ಲಿಗೆ ಬಂದಿದ್ದರೆ ಈ ದ್ವೀಪವನ್ನು ಮೂವತ್ತು ನಲವತ್ತರ ಸೈಟುಗಳಾಗಿ ಕೊಯ್ದು, ಸಮುದ್ರ ಕಾಣುವುದನ್ನು ಕಾರ್ನರ್ ಸೈಟು ಎಂದು ಮಾರುತ್ತಿದ್ದರು ಎಂದ.

ಮೂರೂವರೆಗೆ ಗಾಳಿ ಹತ್ತು ನಿಮಿಷ ಸತ್ತುಹೋಗಿ, ವಾಯವ್ಯಕ್ಕೆ ತಿರುಗಿ, ಮೊದಲಿಗಿಂತ ಜೋರಾಗಿ ಬಂತು. ದೋಣಿ ಹಗ್ಗದ ಮೇಲೆ ಸುತ್ತಿ ನಿಂತಿತು. ಈಗ ದ್ವೀಪದ ಬಂಡೆಗಳು ಬೆನ್ನ ಹಿಂದೆ ಬಂದವು. ಅವನು ಮುಂದೆ ಹೋಗಿ ಹಗ್ಗದ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದ.

"ವಿನುತಾ, ಪೆಟ್ಟಿಗೇಲಿ ಅರ್ಧ ಹಗ್ಗ ಹಾಗೇ ಇದೆಯಲ್ಲ. ಎಂಟರಲ್ಲಿ ಆರು ಬಿಟ್ಟಿದ್ರೆ ಇಷ್ಟು ಉಳೀಬಾರ್ದು. ಇನ್ನೂ ಸ್ವಲ್ಪ ಬಿಡ್ಲಾ?"

"ಸಡಿಲವಾಗಿ ಬಿದ್ದಿದೆ ಸರ್, ಅದಕ್ಕೆ ಜಾಸ್ತಿ ಕಾಣುತ್ತೆ. ಮೂವತ್ತು ಮಾರಿದೆ, ಸಾಕು. ಇನ್ನೂ ಬಿಟ್ರೆ ಬಂಡೆ ಹತ್ರ ಹೋಗ್ತೀವಿ."

ಅವನು ಮುಚ್ಚಳ ಹಾಕಿದ.

ಇಪ್ಪತ್ತು ನಿಮಿಷ ಬಿಟ್ಟು ಲಂಗರು ಜಾರಿತು. ದೋಣಿ ಸರಿಯುತ್ತಿದೆಯಾ ಎಂದು ತಿಳಿಯಲು ಅವಳು ದಡದ ಎರಡು ಗುರುತುಗಳನ್ನು ಒಂದರ ಹಿಂದೊಂದು ಹಿಡಿದು ನೋಡುತ್ತಿದ್ದಳು, ಅವು ಬೇರೆಯಾದವು. ಎಂಜಿನ್ ಹೊಡೆದಳು. ಹಿಂಭಾಗ ಅಲೆಗೆ ಎದ್ದಾಗಲೆಲ್ಲ ಎಂಜಿನ್ನಿನ ಪಂಕ ನೀರಿನಿಂದಾಚೆ ಬಂದು ಗಾಳಿಯಲ್ಲಿ ಸುತ್ತಿ ಕಿರುಚುತ್ತಿತ್ತು. ಅವನು ಕೇಳದೇ ಹೋಗಿ ಹಗ್ಗ ಬಿಚ್ಚಿ ಬಿಡತೊಡಗಿದ. ಒಂದು ಸಲ ಕಿತ್ತ ಲಂಗರು ಮತ್ತೆ ಹಿಡಿಯಲಿಲ್ಲ. ದೋಣಿ ಬಂಡೆಗೆ ಬಡಿದಾಗ ಅವನು ಮೂತಿಯಿಂದ ಆಚೆ ಬಿದ್ದ, ದೋಣಿಗೂ ಬಂಡೆಗೂ ನಡುವೆ. ಲೈಫ್ ಜಾಕೆಟ್ ಹಾಕಿದ್ದ. ತಲೆಗೆ ಹಾಕಿಕೊಳ್ಳುವಂಥದ್ದು ಏನೂ ಇರಲಿಲ್ಲ. ವಿನುತಾ ಬಂಡೆಯ ಮೇಲೆ ಮೊಣಕಾಲೂರಿ ಬಿದ್ದಳು. ಅವಳ ಕಣ್ಣೆದುರೇ ಅವನು ಮುಖ ಕೆಳಗೆ ಮಾಡಿ ತೇಲುತ್ತಿದ್ದ. ಕಿತ್ತಳೆ ಬಣ್ಣದ ಜಾಕೆಟ್ ತುಂಬಾ ಚೆನ್ನಾಗಿ ಕಾಣುತ್ತಿತ್ತು.

ಅಂಗಡಿಯಲ್ಲಿ ಅವಳು ಲೆಕ್ಕ ಮಾಡಿದಳು. ಆರು ಗುರುತು ಎಂದರೆ ನೂರ ಎಂಬತ್ತಡಿಯಲ್ಲ, ನೂರ ಮೂವತ್ತೈದು. ಏಳು ಪಟ್ಟಲ್ಲ, ಐದೂವರೆ. ಪೆಟ್ಟಿಗೆಯಲ್ಲಿ ಇನ್ನೂ ನೂರ ಐದಡಿ ಇತ್ತು. ಅವನು ನೋಡಿ ಹೇಳಿದ್ದು ಸರಿಯಾಗಿತ್ತು.

ಅಪ್ಪನಿಗೆ ಹೇಳಿದಳು. ಅಣ್ಣಯ್ಯಪ್ಪ ಪೂರ್ತಿ ಕೇಳಿಸಿಕೊಂಡು, ಟಾರ್ಪಾಲಿನ ಮೇಲೆ ಕೂತ.

"ಯಾರಿಗೂ ಹೇಳ್ಬೇಡ."

"ಅವ್ರ ಮನೇಲಿ ಅವ್ರದೇ ತಪ್ಪು ಅಂತಿದಾರೆ."

"ಅಂದ್ರೆ ಅನ್ಲಿ. ಅವ್ರಪ್ಪಾನೇ ಅಂತಿದಾನೆ, ನಿಂಗೇನು? ನೀನು ಹೇಳಿದ್ರೆ ಅವ್ನು ಎದ್ದು ಬರ್ತಾನಾ?" ಅವನು ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಬಲಗೈಯಿಂದ ಮುಚ್ಚಿಕೊಂಡ. "ಮೂವತ್ತೆಂಟು ವರ್ಷದ ಅಂಗಡಿ. ಅಣ್ಣಯ್ಯಪ್ಪನ ಅಳತೆ ನಂಬಿ ಒಬ್ಬ ಸತ್ತ ಅಂದ್ರೆ ನಾಳೆಯಿಂದ ಯಾವೋನು ಬರ್ತಾನೆ ಇಲ್ಲಿಗೆ? ನಾನು ಪೂರ್ತಿ ಹಗ್ಗ ಕೊಟ್ಟಿದೀನಿ."

"ಹೂಂ. ಕೊಟ್ಟಿದೀಯ. ಗುರುತು ಕಟ್ಟಿದ್ದು ನಾನು."

"ಹಂಗಾದ್ರೆ ನನ್ನ ಕೈ ಸುದ್ದಿ ಯಾಕೆ ಎತ್ತೀಯ?"

ಕೈಯ ಸುದ್ದಿ ಎತ್ತದೆ ಗುರುತು ಗಿಡ್ಡವಾದದ್ದು ಹೇಗೆಂದು ಹೇಳಲು ಬರುತ್ತಿರಲಿಲ್ಲ. ಅವಳು ಹಗ್ಗವನ್ನು ಸುತ್ತಿ ಚೀಲಕ್ಕೆ ತುಂಬಿ, ಟೇಪನ್ನೂ ಹಾಕಿಕೊಂಡು, ಆಟೋ ಹಿಡಿದಳು. ಅಪ್ಪ ತಡೆಯಲಿಲ್ಲ. ಚೀಲ ಎತ್ತಲು ಸಹಾಯವನ್ನೂ ಮಾಡಲಿಲ್ಲ.

ಮಲ್ಲೇಶ್ವರಂ ಹದಿನೇಳನೇ ಕ್ರಾಸಿನ ಮನೆಯಲ್ಲಿ ಕಾರ್ಯದ ಬಾಡಿಗೆ ಕುರ್ಚಿಗಳನ್ನು ಇನ್ನೂ ಒಯ್ದಿರಲಿಲ್ಲ. ಅಂಗಳದ ಗೋಡೆಗೆ ಒಂದರೊಳಗೊಂದು ತೂರಿಸಿ ಇಟ್ಟಿದ್ದರು. ಪುಟ್ಟಯ್ಯ ವರಾಂಡದಲ್ಲಿ ಪೇಪರ್ ಓದುತ್ತಿದ್ದರು. ಎಪ್ಪತ್ತು ದಾಟಿದವರು, ಬೆನ್ನು ನೆಟ್ಟಗಿತ್ತು.

"ಬಾಮ್ಮ. ಕಾಲು ಹೆಂಗಿದೆ? ಕೂತ್ಕೋ." ಚೀಲ ನೋಡಿದರು. "ಯಾಕೆ ವಾಪಸ್ ತಂದೆ? ಬೇಡ ಅನ್ನಿಸ್ತಾ? ಸರಿ, ಬಿಸಾಕೋಣ."

"ಅದಕ್ಕಲ್ಲ ಸರ್."

"ನೀನು ಮನಸ್ಸಿಗೆ ಹಚ್ಕೋಬೇಡ. ನಾನು ಸ್ಟೇಷನ್ ಪೇಪರ್ ಓದಿದೀನಿ. ನೀನು ಹೇಳ್ಕೊಟ್ಟಿದ್ದೆ, ಅವ್ನು ನೆಟ್ಟಗೆ ಮಾಡಿಲ್ಲ. ಅವ್ನು ಯಾವ್ದನ್ನ ನೆಟ್ಟಗೆ ಮಾಡ್ದ ಹೇಳು? ಡಿಗ್ರಿ ಅರ್ಧ, ವ್ಯವಹಾರ ಅರ್ಧ." ಅವರ ದನಿ ಏರಲಿಲ್ಲ. ಸೈಟಿನ ಕಾಗದ ಸರಿಯಿಲ್ಲ ಎಂದು ಹೇಳುವ ಹಾಗೆ ಹೇಳಿದರು.

ಒಳಗಿನಿಂದ ಶಶಿಕುಮಾರನ ಹೆಂಡತಿ ವಾಣಿ ಬಂದು ಬಾಗಿಲಲ್ಲಿ ನಿಂತಳು. ಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವಳು. ಹನ್ನೆರಡು ದಿನದಲ್ಲಿ ಅವಳು ವಿನುತಾಳಿಗೆ ಒಂದೇ ಸಲ ಫೋನ್ ಮಾಡಿದ್ದಳು. ಅವರು ಏನಾದರೂ ಹೇಳಿದರಾ, ಕೊನೆಗೆ, ಎಂದು ಕೇಳಿದ್ದಳು. ವಿನುತಾ ಇಲ್ಲ ಎಂದಿದ್ದಳು.

ಸುಮ್ಮನಿದ್ದುಬಿಡಬಹುದಿತ್ತು. ಚೀಲ ಬಿಟ್ಟು, ಕಾಫಿ ಕುಡಿದು, ಎದ್ದು ಹೋಗಬಹುದಿತ್ತು. ಹಾಗೆ ಮಾಡಿದರೂ ತನಗೆ ಈಗ ಹೇಗಿದೆಯೋ ಹಾಗೇ ಇರುತ್ತಿತ್ತು ಎಂದು ವಿನುತಾಳಿಗೆ ಅನಿಸಿತು.

"ಶಶಿ ಸರ್ ತಪ್ಪು ಮಾಡಿರ್ಲಿಲ್ಲ" ಎಂದಳು. "ನಾನು ಮಾಡಿದ್ದು."

ಹೇಳಿದಳು. ಅಪ್ಪನ ಕೈ, ಕೊನೆಯಲ್ಲಿ ಹಾಕುವ ಕೊಸರು, ಕೆಂಪು ಬಟ್ಟೆ, ಏಳು ಪಟ್ಟು. ಪೊಲೀಸರಿಗೆ ತಾನು ಹೇಳಿದ ಮಾತು. ಪುಟ್ಟಯ್ಯ ಮಧ್ಯದಲ್ಲೇ ಕೈ ಎತ್ತಿದರು.

"ನೋಡಮ್ಮ. ಸತ್ತೋನಿಗೆ ಒಳ್ಳೇ ಹೆಸರು ತರೋಕೆ ನೀನು ಇದನ್ನೆಲ್ಲ ಕಟ್ಕೊಂಡು ಬಂದಿದೀಯ. ಒಳ್ಳೇ ಹುಡುಗಿ. ಬೇಡ. ನನ್ನ ಮಗ ಏನು ಅಂತ ನನಗೆ ಗೊತ್ತು."

"ಅಳೆದು ನೋಡಿ ಸರ್."

"ಏನು ಅಳೆಯೋದು?"

ವಾಣಿ ಬಾಗಿಲಿನಿಂದ ಇಳಿದು ಬಂದಳು. ಚೀಲದಿಂದ ಹಗ್ಗದ ತುದಿ ಎಳೆದು ಅಂಗಳಕ್ಕೆ ನಡೆದಳು. ಅಂಗಳ ಸಾಲಲಿಲ್ಲ. ಗೇಟು ತೆಗೆದು ರಸ್ತೆಗೆ ಹೋದಳು. ಹಗ್ಗ ಅವಳ ಹಿಂದೆ ಮರಳು ಉದುರಿಸುತ್ತಾ ಬಿಚ್ಚಿಕೊಂಡಿತು. ಎದುರು ಮನೆಯ ಹೆಂಗಸು ಹೂ ಕೊಯ್ಯುವುದನ್ನು ನಿಲ್ಲಿಸಿ ನೋಡಿದಳು. ವಿನುತಾ ಟೇಪಿನ ತುದಿಯನ್ನು ಹಗ್ಗದ ಮೊದಲಿಗೆ ಹಿಡಿದಳು, ವಾಣಿ ಇನ್ನೊಂದು ಕಡೆ ಬಗ್ಗಿದಳು. ಟೇಪು ಜೋಲು ಬಿತ್ತು.

ಪುಟ್ಟಯ್ಯ ವರಾಂಡದಿಂದ ನೋಡುತ್ತಿದ್ದರು. ಸ್ವಲ್ಪ ಹೊತ್ತು ತಡೆದುಕೊಂಡರು.

"ಹಂಗಲ್ಲ ಹಿಡಿಯೋದು. ಟೇಪು ಸಡಿಲ ಬಿಟ್ರೆ ಅಳತೆ ಜಾಸ್ತಿ ತೋರಿಸುತ್ತೆ. ಎಳೆದು ಹಿಡಿ."

ಅವರು ಪಂಚೆ ಎತ್ತಿ ಕಟ್ಟಿಕೊಂಡು ಇಳಿದು ಬಂದರು. ಸೊಸೆಯ ಕೈಯಿಂದ ಟೇಪು ತೆಗೆದುಕೊಂಡರು. ಐವತ್ತು ವರ್ಷ ಬೇರೆಯವರ ಜಮೀನು ಅಳೆದ ಕೈ. ಅರ್ಧ ಅಡಿಯನ್ನೂ ಬಿಟ್ಟವರಲ್ಲ. ಪ್ರತಿ ಗುರುತಿಗೂ ಮಂಡಿಯೂರಿ ಕೂತು, ಕನ್ನಡಕ ಏರಿಸಿ, ಓದಿ, ಎದ್ದು, ಮುಂದಕ್ಕೆ ಹೋದರು. ಮಧ್ಯದಲ್ಲಿ ಒಂದು ಸ್ಕೂಟರ್ ಬಂತು. ಅವರು ಕೈ ತೋರಿಸಿ ನಿಲ್ಲಿಸಿದರು. ಸವಾರ ಹಾರ್ನ್ ಹೊಡೆದ, ಅವರ ಮುಖ ನೋಡಿ ಸುಮ್ಮನಾದ.

ಆರನೇ ಗುರುತಿಗೆ ನೂರ ಮೂವತ್ತೈದು.

"ಮೂವತ್ತು ಮಾರು ಅಂದ್ರೆ?"

"ನೂರ ಎಂಬತ್ತು ಮಾವ" ಎಂದಳು ವಾಣಿ.

"ನಲವತ್ತೈದಡಿ ಕಮ್ಮಿ." ಅವರು ರಸ್ತೆಯ ಮೇಲೇ ನಿಂತಿದ್ದರು. "ಒಂದು ಸೈಟಿನ ಉದ್ದಕ್ಕಿಂತ ಜಾಸ್ತಿ."

ಸ್ಕೂಟರಿನವನು ಹಗ್ಗ ದಾಟಿಕೊಂಡು ಹೋದ.

"ಅಷ್ಟೂ ಬಿಟ್ಟಿದ್ರೆ ನಿಲ್ತಿತ್ತಾ?"

"ನಿಲ್ತಿತ್ತೇನೋ. ಗೊತ್ತಿಲ್ಲ ಸರ್. ಗಾಳಿ ಜೋರಿತ್ತು."

"ಹೂಂ" ಎಂದರು ಪುಟ್ಟಯ್ಯ. ಈ ಉತ್ತರವನ್ನು ಅವರು ನಂಬಿದಂತೆ ಕಂಡಿತು.

"ಇನ್ನೊಂದಿದೆ" ಎಂದಳು ವಿನುತಾ. ವಾಣಿಯ ಕಡೆ ತಿರುಗಿದಳು. "ನೀವು ಫೋನಲ್ಲಿ ಕೇಳಿದ್ರಲ್ಲ ಅಕ್ಕ, ಏನಾದ್ರೂ ಹೇಳಿದ್ರಾ ಅಂತ. ಹೇಳಿದ್ರು. ಪೆಟ್ಟಿಗೇಲಿ ಅರ್ಧ ಹಗ್ಗ ಹಾಗೇ ಇದೆಯಲ್ಲ, ಇಷ್ಟು ಉಳೀಬಾರ್ದು, ಇನ್ನೂ ಬಿಡ್ಲಾ ಅಂದ್ರು. ನಾನು ಬೇಡ ಅಂದೆ."

ವಾಣಿ ಕೈಗೆ ಮೆತ್ತಿದ್ದ ಮರಳನ್ನು ಸೀರೆಗೆ ಒರೆಸಿಕೊಂಡಳು.

"ಅವರೇ ಕಂಡುಹಿಡಿದ್ರಾ?"

"ಅವರೇ."

"ಮತ್ತೆ ನಿನ್ನ ಮಾತು ಯಾಕೆ ಕೇಳ್ದ?" ಎಂದರು ಪುಟ್ಟಯ್ಯ.

"ನನಗೆ ಗೊತ್ತು ಅಂತ."

ಪುಟ್ಟಯ್ಯ ಟೇಪನ್ನು ಒಳಕ್ಕೆ ಸುತ್ತತೊಡಗಿದರು. ಅದು ಪೂರ್ತಿ ಸುತ್ತಿಕೊಳ್ಳಲು ಬಹಳ ಹೊತ್ತು ಹಿಡಿಯಿತು, ಯಾಕೆಂದರೆ ನಡುವೆ ಎರಡು ಸಲ ಅವರು ಮರೆತು ನಿಂತರು.

ವಾಣಿ ಒಳಗೆ ಹೋಗಿ ಮಗಳು ಆರಾಧನಾಳ ನೋಟ್‌ಬುಕ್ಕಿನಿಂದ ಎರಡು ಹಾಳೆ ಹರಿದು, ಒಂದು ಪೆನ್ನು ತಂದಳು. ಬಾಡಿಗೆ ಕುರ್ಚಿಯೊಂದನ್ನು ಎಳೆದು ವರಾಂಡದ ಕಟ್ಟೆಯ ಹತ್ತಿರ ಹಾಕಿದಳು.

"ಇದನ್ನೇ ಬರೀರಿ. ನಾಳೆ ನಾನೂ ಬರ್ತೀನಿ ಆ ಸ್ಟೇಷನ್ನಿಗೆ. ಹಳೇದನ್ನ ತೆಗೆದು ಇದನ್ನ ಹಾಕಿಸ್ಬೇಕು. ನನ್ನ ಮಗಳು ಮುಂದೆ ಯಾವತ್ತಾದ್ರೂ ಓದ್ತಾಳೆ ಆ ಪೇಪರ್‌ನ."

"ತೆಗೆಯೋಕೆ ಬಿಡಲ್ಲ ಅಕ್ಕ. ಜೊತೆಗೆ ಸೇರಿಸ್ತಾರೆ ಅಷ್ಟೆ."

"ಸೇರಿಸ್ಲಿ."

ವಿನುತಾ ಬರೆದಳು. ದಿನಾಂಕ, ಗಾಳಿ, ಆಳ, ಆರು ಗುರುತು. ವಾಣಿ ಹೆಗಲ ಮೇಲಿನಿಂದ ಓದುತ್ತಿದ್ದಳು. "ಗುರುತು ತಪ್ಪಾಗಿತ್ತು ಎಂದು ಅನಿಸುತ್ತದೆ" ಎಂದು ಬರೆದಾಗ ಬೆರಳಿಟ್ಟು ತೋರಿಸಿದಳು. "ಅನಿಸುತ್ತದೆ ಬೇಡ. ಅಳೆದಿದೀವಿ." ವಿನುತಾ ಆ ಪದ ಹೊಡೆದು ಹಾಕಿದಳು. ಪೆಟ್ಟಿಗೆಯ ಮಾತಿಗೆ ಬಂದಾಗ, ಅವನು ಹೇಳಿದ್ದನ್ನು ಅವನು ಹೇಳಿದ ಹಾಗೇ ಬರೆದಳು, ತಾನು ಹೇಳಿದ್ದನ್ನೂ.

ಪುಟ್ಟಯ್ಯ ಹಾಳೆ ತೆಗೆದುಕೊಂಡು ಎರಡು ಸಲ ಓದಿದರು. ದಸ್ತಾವೇಜು ಓದುವವರ ಹಾಗೆ, ಸಾಲಿನ ಕೆಳಗೆ ಉಗುರು ಓಡಿಸುತ್ತಾ. ಪೆಟ್ಟಿಗೆಯ ಸಾಲಿನಲ್ಲಿ ಉಗುರು ನಿಂತಿತು. ಅಲ್ಲೇ ಇಟ್ಟುಕೊಂಡು ಬೀದಿಯ ಕಡೆ ನೋಡಿದರು. ಆಮೇಲೆ ಮುಂದೆ ಓದಿದರು.

"ಹಗ್ಗ ಅಳೆದವರು ಅಂತ ಮಾತ್ರ ಇದೆ. ಯಾರು ಅಳೆದವರು? ಹೆಸರಿಲ್ಲದೆ ಯಾವ ಕಾಗದವೂ ನಿಲ್ಲಲ್ಲ. ನಿಮ್ಮಪ್ಪನ ಹೆಸರು ಬರಿ."

ವಿನುತಾ ಹಾಳೆಯನ್ನು ವಾಪಸು ತಗೊಂಡಳು.

"ಅವ್ರು ಹಗ್ಗ ಪೂರ್ತಿ ಕೊಟ್ಟಿದಾರೆ ಸರ್. ಮೋಸ ಇಲ್ಲ."

"ಹಂಗಂತಾನೂ ಬರಿ. ನಾನು ಅಳೆದು ನೋಡಿದೀನಿ, ಸಾಕ್ಷಿ ಹಾಕ್ತೀನಿ. ಆದ್ರೆ ಹೆಸರು ಬರಿ."

ಅವಳು ಬರೆದಳು. ಅಣ್ಣಯ್ಯಪ್ಪ, ವಯಸ್ಸು ಅರವತ್ತೆರಡು, ಎಡ ಮೊಣಕೈ ನೆಟ್ಟಗಾಗುವುದಿಲ್ಲ, ಹಗ್ಗ ಮತ್ತು ಟಾರ್ಪಾಲಿನ್ ವ್ಯಾಪಾರ. ಅಂಗಡಿಯ ನಂಬರು, ಗಲ್ಲಿ, ಪಿನ್‌ಕೋಡು. ಅಕ್ಷರ ದುಂಡಗೆ ಬಂತು. ಕೆಳಗೆ ಸಹಿ ಮಾಡಿ, ಪೆನ್ನನ್ನು ಪುಟ್ಟಯ್ಯನವರಿಗೆ ಕೊಟ್ಟಳು.